ಬೇರಲ್ಲ, ಬುಡ: ಹನ್ನೊಂದು ವರ್ಷದ ಪಂಪಾಸ್ ಹುಲ್ಲನ್ನು ತೆಗೆದದ್ದು

ಮೈಸೂರಿನಲ್ಲಿ ನಮ್ಮಕ್ಕನ ಮನೆ. ನಲವತ್ತು-ಅರವತ್ತರ ಸೈಟು, ಮುಂದೆ ಒಂದು ಪುಟ್ಟ ಕೈತೋಟ. ಅದರ ಬಲ ಮೂಲೆಯಲ್ಲಿ, ಕಾಂಪೌಂಡಿಗೆ ಒತ್ತಿಕೊಂಡು, ಹನ್ನೊಂದು ವರ್ಷದಿಂದ ಒಂದು ಪಂಪಾಸ್ ಹುಲ್ಲು ಬೆಳೆದು ನಿಂತಿತ್ತು. ಭಾವ ನರ್ಸರಿಯಿಂದ ತಂದಾಗ ಅದು ಕರಿ ಪ್ಲಾಸ್ಟಿಕ್ ಕವರಿನಲ್ಲಿದ್ದ ಐದಾರು ಗರಿಯ ಸಸಿ. ಈ ಮೇ ತಿಂಗಳಲ್ಲಿ ಟೇಪು ಹಿಡಿದು ಅಳೆದಾಗ ಬುಡವೇ ಐದೂವರೆ ಅಡಿ ಅಗಲ ಇತ್ತು. ಫೆಬ್ರವರಿಯಲ್ಲಿ ನಾವು ಸುಡುವ ಮುಂಚೆ ಗರಿಗಳು ಏಳಡಿ ಎತ್ತರಕ್ಕೆ ಹೋಗಿ ನಾಲ್ಕೂ ಕಡೆ ಬಾಗಿದ್ದವು. ತೆನೆ ಬಂದಾಗ ಅದಕ್ಕೂ ಮೇಲೆ ಬೆಳ್ಳಗೆ ತೂಗುತ್ತಿತ್ತು. ದಾರಿಯಲ್ಲಿ ಹೋಗುವವರು ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದರು. ಚೆಂದ ಇತ್ತು, ಅದರಲ್ಲಿ ಎರಡು ಮಾತಿಲ್ಲ.

ಅದನ್ನು ತೆಗೆಯೋದಕ್ಕೆ ನಾವು ನಾಲ್ಕು ತಿಂಗಳು ಪರದಾಡಿದೆವು. ಕೊನೆಗೆ ಎರಡೇ ದಿನದಲ್ಲಿ ಕೆಲಸ ಮುಗಿಯಿತು. ನಾಲ್ಕು ತಿಂಗಳು ಯಾಕೆ ಹಿಡಿಯಿತು, ಎರಡು ದಿನದಲ್ಲಿ ಹೇಗೆ ಮುಗಿಯಿತು ಅನ್ನೋದನ್ನು ಪೂರ್ತಿಯಾಗಿ ಬರೆದಿಡಬೇಕು ಅನ್ನಿಸಿತು. ಇಂಥ ಹುಲ್ಲು ಈಗ ಲೇಔಟುಗಳ ಮನೆ ಮುಂದೆ ಬೇಕಾದಷ್ಟಿದೆ. ನೆಡುವುದು ಹೇಗೆ ಅಂತ ನರ್ಸರಿಯವರು ಹೇಳುತ್ತಾರೆ. ಕೀಳುವುದು ಹೇಗೆ ಅಂತ ನಮಗೆ ಯಾರೂ ಹೇಳಿರಲಿಲ್ಲ.

ಯಾಕೆ ತೆಗೆಯಬೇಕಾಯಿತು

ಪಂಪಾಸ್ ದಕ್ಷಿಣ ಅಮೆರಿಕದ ಹುಲ್ಲು. ಅರ್ಜೆಂಟೀನಾ, ಉರುಗ್ವೆ, ದಕ್ಷಿಣ ಬ್ರೆಜಿಲ್ ಕಡೆಯದು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಕೊರ್ಟಡೇರಿಯಾ ಸೆಲ್ಲೋವಾನಾ. ಸೆಲ್ಲೋ ಅಂದರೆ ಬ್ರೆಜಿಲಿನಲ್ಲಿ ಗಿಡ ಸಂಗ್ರಹಿಸುತ್ತಿದ್ದ ಜರ್ಮನ್ ಸಸ್ಯಶಾಸ್ತ್ರಜ್ಞ. ಕೊರ್ಟಡೇರಿಯಾ ಅನ್ನೋದು ಸ್ಪ್ಯಾನಿಷ್ ಭಾಷೆಯ ಕೊಯ್ಯುವುದು ಅನ್ನುವ ಮಾತಿನಿಂದ ಬಂದದ್ದು.

ಆ ಹೆಸರಿನ ಅರ್ಥ ನಮಗೆ ತಿಳಿದದ್ದು ಅಕ್ಕನ ಮೊಮ್ಮಗಳ ಕೈ ನೋಡಿದ ದಿನ. ಚೆಂಡು ಹುಲ್ಲಿನೊಳಗೆ ಹೋಗಿತ್ತು. ಕೈ ಹಾಕಿ ಸರಕ್ಕನೆ ಹಿಂದಕ್ಕೆ ಎಳೆದುಕೊಂಡಿದ್ದಾಳೆ. ಮುಂಗೈಯಿಂದ ಮೊಣಕೈವರೆಗೆ ಕೂದಲೆಳೆಯಷ್ಟು ಸಣ್ಣ ಐದು ಗೀರು. ಒಂದೊಂದು ಗೀರಿನ ಮೇಲೂ ಸಾಸಿವೆಯಂತೆ ರಕ್ತದ ಹನಿ. ಗರಿಯ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಹಲ್ಲುಗಳಿರುತ್ತವೆ, ಸಿಲಿಕಾ, ಅಂದರೆ ಮರಳಿನಲ್ಲಿರುವ ಖನಿಜ, ತುಂಬಿ ಗಟ್ಟಿಯಾದ ಹಲ್ಲುಗಳು. ಬುಡದಿಂದ ತುದಿಯ ಕಡೆಗೆ ಬೆರಳು ಆಡಿಸಿದರೆ ನುಣ್ಣಗಿರುತ್ತದೆ. ತುದಿಯಿಂದ ಬುಡಕ್ಕೆ ಎಳೆದರೆ ಗರಗಸ.

ಕಾರಣ ಅದೊಂದೇ ಅಲ್ಲ. ನೀರಿನ ಮೀಟರಿನ ಮುಚ್ಚಳ ಹುಲ್ಲಿನ ಕೆಳಗೆ ಸೇರಿಹೋಗಿತ್ತು. ಪಕ್ಕದಲ್ಲಿದ್ದ ಮಲ್ಲಿಗೆ ಗಿಡ ಬಿಸಿಲು ಸಿಗದೆ ಸೊರಗಿತ್ತು. ಮೆಳೆಯ ನಡುವೆ ಹನ್ನೊಂದು ವರ್ಷದ ಒಣ ಗರಿ ಹಾಗೇ ಕೂತಿತ್ತು. ದೀಪಾವಳಿ ಬಂತೆಂದರೆ ಅಕ್ಕ ಮೂರು ದಿನವೂ ಸಂಜೆ ಪೈಪು ಹಿಡಿದು ಅದರ ಪಕ್ಕದಲ್ಲೇ ನಿಂತಿರುತ್ತಿದ್ದಳು. ಹಬ್ಬ ಮಾಡುವ ರೀತಿಯಾ ಅದು? ಜನವರಿಯಲ್ಲಿ ಹುಲ್ಲಿನ ಅಂಚಿನಲ್ಲಿ ಹಾವಿನ ಪೊರೆ ಸಿಕ್ಕ ಮೇಲೆ ಭಾವನೂ ಒಪ್ಪಿದರು.

ಬೀಜದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಈ ಹುಲ್ಲಿನ ಒಂದು ತೆನೆಯಲ್ಲಿ ಲಕ್ಷದವರೆಗೂ ಬೀಜ ಇರಬಹುದು. ಗಾಳಿಗೆ ಹಾರಿ ದೂರ ದೂರ ಹೋಗುತ್ತವೆ. ಕ್ಯಾಲಿಫೋರ್ನಿಯಾ, ನ್ಯೂಜಿಲೆಂಡ್, ಸ್ಪೇನಿನ ಉತ್ತರ ಕರಾವಳಿ, ದಕ್ಷಿಣ ಆಫ್ರಿಕಾ, ಇಲ್ಲೆಲ್ಲ ಇದು ತೋಟ ಬಿಟ್ಟು ಹೊರಗೆ ಹಬ್ಬಿದೆ. ನ್ಯೂಜಿಲೆಂಡಿನಲ್ಲಂತೂ ಮಾರುವ ಹಾಗೇ ಇಲ್ಲ. ಆದರೆ ಇದರಲ್ಲಿ ಬರೀ ಹೆಣ್ಣು ಹೂವಿನ ಗಿಡ ಬೇರೆ, ಗಂಡು-ಹೆಣ್ಣು ಎರಡೂ ಇರುವ ಗಿಡ ಬೇರೆ. ಹೆಣ್ಣು ಗಿಡದ ತೆನೆ ಹೆಚ್ಚು ತುಂಬಿಕೊಂಡಿರುತ್ತದೆ. ಒಂಟಿ ಹೆಣ್ಣು ಗಿಡಕ್ಕೆ ಬೀಜ ಕಟ್ಟುವುದಿಲ್ಲ. ಅಕ್ಕನ ಮನೆಯ ಸುತ್ತಮುತ್ತ ಹನ್ನೊಂದು ವರ್ಷದಲ್ಲಿ ಒಂದೂ ಮರಿ ಗಿಡ ಎದ್ದಿಲ್ಲ. ಅದು ಅಂಥದ್ದೇ ಇರಬೇಕು ಅಂತ ನನ್ನ ಲೆಕ್ಕ.

ಕೆಲಸ ಕೊಡದ ಉಪಾಯಗಳು

ಫೆಬ್ರವರಿಯಲ್ಲಿ ಬೆಂಕಿ ಹಚ್ಚಿದೆವು. ಇದು ಎಲ್ಲಕ್ಕಿಂತ ದೊಡ್ಡ ತಪ್ಪು. ಗರಿಯನ್ನು ಅರ್ಧ ಕತ್ತರಿಸಿ, ಗಾಳಿ ಇಲ್ಲದ ಬೆಳಿಗ್ಗೆ ನೋಡಿ, ಬಕೆಟ್ಟುಗಳಲ್ಲಿ ನೀರು ತುಂಬಿಟ್ಟುಕೊಂಡೇ ಮಾಡಿದ್ದು. ಆದರೂ ಒಣ ಗರಿ ಹತ್ತಿಕೊಂಡ ವೇಗಕ್ಕೆ ನಮ್ಮ ಬಕೆಟ್ಟು ಯಾವ ಲೆಕ್ಕಕ್ಕೂ ಬರಲಿಲ್ಲ. ತೆಂಗಿನ ಎರಡು ಸೋಗೆ ಕಮರಿತು. ಮೇಲೆ ಕರೆಂಟಿನ ತಂತಿ ಇದ್ದಿದ್ದರೆ ಏನಾಗುತ್ತಿತ್ತೋ ಅಂತ ಈಗಲೂ ನೆನೆದರೆ ಎದೆ ಡವಗುಟ್ಟುತ್ತದೆ. ದಯವಿಟ್ಟು ಮನೆ ಹತ್ತಿರ ಯಾರೂ ಇದನ್ನು ಮಾಡಬೇಡಿ. ಅಷ್ಟೆಲ್ಲ ಆಗಿ ಹುಲ್ಲು ಸತ್ತಿತಾ? ಹನ್ನೆರಡನೇ ದಿನಕ್ಕೆ ಬೂದಿಯ ನಡುವಿನಿಂದ ಹಸಿರು ಮೊಳಕೆ ಎದ್ದಿತ್ತು.

ಯಾಕೆ ಅಂದರೆ, ಈ ಹುಲ್ಲು ಬೆಳೆಯುವ ಜಾಗ ಇರುವುದು ಗರಿಯ ತುದಿಯಲ್ಲಲ್ಲ, ನೆಲಮಟ್ಟದಲ್ಲಿ. ಗರಿಯ ತಳಭಾಗಗಳು ಒಂದರ ಮೇಲೊಂದು ಒತ್ತಾಗಿ ಸುತ್ತಿಕೊಂಡು, ಅದರೊಳಗೆ ಮೊಗ್ಗು ಬೆಚ್ಚಗೆ ಕೂತಿರುತ್ತದೆ. ಬೆಂಕಿ ಮೇಲಿನದನ್ನೆಲ್ಲ ತಿನ್ನುತ್ತದೆ, ಅಲ್ಲಿಗೆ ತಲುಪುವುದಿಲ್ಲ.

ಆಮೇಲೆ ಒಬ್ಬರು ಉಪ್ಪು ಸುರಿಯಿರಿ ಅಂದರು. ಅಕ್ಕ ಒಪ್ಪಲಿಲ್ಲ. ಅವಳ ನಿರ್ಧಾರ ಸರಿ. ಉಪ್ಪು ಸುರಿದರೆ ಕೆಡುವುದು ಮಣ್ಣು, ಪಕ್ಕದ ಮಲ್ಲಿಗೆ, ಕರಿಬೇವು. ಕಳೆನಾಶಕದ ಮಾತೂ ಬಂತು. ಗ್ಲೈಫೋಸೇಟ್ ಅನ್ನುವ ಕಳೆನಾಶಕ ಕೆಲಸ ಮಾಡುವುದು ಹಸಿರು ಎಲೆ ಅದನ್ನು ಹೀರಿಕೊಂಡು ಬುಡಕ್ಕೆ ಇಳಿಸಿದಾಗ. ಅಷ್ಟೊಂದು ಒಣ ಗರಿ ಇರುವ ಮೆಳೆಗೆ ಸಿಂಪಡಿಸಿದರೆ ಅರ್ಧ ಔಷಧಿ ವ್ಯರ್ಥ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಇದರ ಬಳಕೆಯನ್ನು ಕೀಟ ನಿಯಂತ್ರಣ ಮಾಡುವ ಪರವಾನಗಿದಾರರಿಗೆ ಮಾತ್ರ ಸೀಮಿತ ಮಾಡುವ ಆದೇಶ ಹೊರಡಿಸಿತ್ತು. ಸಂಪು ಎಂಟಡಿ ದೂರದಲ್ಲಿ, ಮಗು ಆಡುವುದು ಅಲ್ಲೇ. ಒಂದೇ ಒಂದು ಗಿಡಕ್ಕೋಸ್ಕರ ವಿಷ ತರುವುದು ಬೇಡ ಅಂತ ಬಿಟ್ಟೆವು.

ಜೆಸಿಬಿ ಕರೆಸಿ ನೋಡಿದ್ದೂ ಆಯಿತು. ಗೇಟಿನಿಂದ ಒಳಗೆ ಬಂದರೆ ಸಂಪಿನ ಮೇಲೇ ಹಾಯಬೇಕು. ರಸ್ತೆಯಿಂದ ಕೈ ಚಾಚಿದರೆ ಕಾಂಪೌಂಡು ಹೋಗುತ್ತದೆ. ಬಂದವನು ನೋಡಿ, ಆಗಲ್ಲ ಅಂತ ನೇರವಾಗಿ ಹೇಳಿ ಹೋದ.

ಹಿರಿಯರು ಹೇಳಿದ ಮಾತು

ಮೇ ಕೊನೆಯಲ್ಲಿ ಬೀದಿಯ ಆಚೆ ಮನೆಯ ತೆಂಗಿನ ಬುಡ ತೆಗೆಯಲು ನಂಜನಗೂಡು ಕಡೆಯಿಂದ ಒಬ್ಬ ಹಿರಿಯರು ಬಂದಿದ್ದರು. ಬಿದಿರು ಮೆಳೆ, ತೆಂಗಿನ ಬುಡ ಕೀಳುವುದೇ ಅವರ ಕೆಲಸ. ಮಗನನ್ನೂ ಕರೆದುಕೊಂಡು ಬಂದಿದ್ದರು. ಭಾವ ಅವರನ್ನು ಕರೆತಂದು ತೋರಿಸಿದರು. ಆ ಹೊತ್ತಿಗೆ ನಾವು ಹುಲ್ಲಿನ ಒಂದು ಪಕ್ಕ ಎರಡೂವರೆ ಅಡಿ ಆಳ ಅಗೆದಿಟ್ಟಿದ್ದೆವು. ಬೇರು ಎಲ್ಲಿಗೆ ಮುಗಿಯುತ್ತದೆ ಅಂತ ಹುಡುಕುತ್ತಿದ್ದೆವು. ಮುಗಿದಿರಲಿಲ್ಲ.

ಅವರು ಕುಕ್ಕರಗಾಲಲ್ಲಿ ಕೂತು, ಕುಡುಗೋಲಿನ ಮೊನೆಯಿಂದ ಒಣ ಗರಿ ಸರಿಸಿ, ಬುಡದ ಒಂದು ತೆಂಡೆಯನ್ನು, ಅಂದರೆ ಬುಡದಿಂದ ಒಡೆದ ಕವಲನ್ನು, ಸೀಳಿ ನೋಡಿದರು. ಒಳಗೆ ಬೆಳ್ಳಗೆ, ಬೆಳ್ಳುಳ್ಳಿ ಎಸಳಿನಂಥ ಮೊಗ್ಗು. ಅದರ ಕೆಳಗೆ ದಾರದ ಗಂಟಿನಂತೆ ಬೇರು.

"ಬೇರಿಗೆ ಯಾಕ್ ಹೋಯ್ತೀರಿ ಸಾ? ಇದು ಗರಿಕೆ ಅಲ್ಲ. ಬುಡ ಕಿತ್ರೆ ಬೇರು ತಾನಾಗೇ ಕೊಳೀತದೆ" ಅಂದರು.

ನಾವು ನಾಲ್ಕು ತಿಂಗಳು ಎಡವಿದ್ದೇ ಇಲ್ಲಿ. ಗರಿಕೆ, ಜೇಕು ಥರದ ಕಳೆಗಳ ಅಭ್ಯಾಸ ನಮಗೆ. ಗರಿಕೆ ಗೆಣ್ಣು ಗೆಣ್ಣಿಗೆ ಬೇರು ಬಿಟ್ಟು ಓಡುತ್ತದೆ. ಜೇಕಿನ ಗಡ್ಡೆ ಮಣ್ಣಿನೊಳಗೆ ಸರದಂತೆ ಹರಡಿರುತ್ತದೆ. ಅವುಗಳ ಒಂದು ಚೂರು ಉಳಿದರೂ ಮತ್ತೆ ಬರುತ್ತದೆ. ಆ ಭಯದಲ್ಲಿ ಇದನ್ನೂ ಬೇರು ಸಮೇತ ಕೀಳಬೇಕು ಅಂದುಕೊಂಡೆವು. ಪಂಪಾಸ್ ಹಾಗಲ್ಲ. ಅದು ರಾಗಿ ತೆಂಡೆ ಒಡೆಯುವ ಹಾಗೆ, ಇದ್ದಲ್ಲೇ ಬುಡದಿಂದ ಬುಡಕ್ಕೆ ಹೆಚ್ಚುತ್ತಾ ಹೋಗುವ ಹುಲ್ಲು. ಮಜ್ಜಿಗೆ ಹುಲ್ಲೂ ಹಾಗೇ, ಲಾವಂಚವೂ ಹಾಗೇ. ಬೇರಿನಿಂದ ಹೊಸ ಮೊಳಕೆ ಏಳುವುದಿಲ್ಲ. ಬೇರು ಮೂರು ಮೀಟರಿಗೂ ಜಾಸ್ತಿ ಆಳಕ್ಕೆ ಹೋಗಬಲ್ಲದು, ಅದನ್ನು ಬೆನ್ನಟ್ಟಿ ಹೋದರೆ ಮನೆಯ ಪಾಯ ಸಿಗುತ್ತದೆ. ಬೇಕಾಗಿರುವುದು ನೆಲದಿಂದ ಕೆಳಗೆ ಎಂಟು-ಹತ್ತು ಇಂಚು ದಪ್ಪ ಇರುವ ಆ ಗಟ್ಟಿ ಬುಡ ಮಾತ್ರ. ಆದರೆ ಅದು ಪೂರ್ತಿ ಬರಬೇಕು.

ಇನ್ನೊಂದು ಮಾತನ್ನೂ ಹೇಳಿದರು. ಒಂದೇ ಸಲ ಎತ್ತೋಕೆ ಹೋಗಬೇಡಿ, ಹಲಸಿನ ಹಣ್ಣು ಹೆಚ್ಚಿದ ಹಾಗೆ ಹೋಳು ಮಾಡಿ ಅಂತ. ಯಾವಾಗ ಬರುತ್ತೀರಿ ಅಂತ ನಾವು ಕೇಳಿದ್ದಕ್ಕೆ, ರೋಹಿಣಿ ಮಳೆ ಎರಡು ಸಲ ಬೀಳಲಿ ಅಂದರು.

ಎರಡು ದಿನದ ಕೆಲಸ

ಜೂನ್ ಮೊದಲ ವಾರ. ಮಳೆ ಬಿದ್ದು ಕೆಂಪು ಮಣ್ಣು ಸನಿಕೆಗೆ ಬಗ್ಗುತ್ತಿತ್ತು. ಬೇಸಿಗೆಯಲ್ಲಿ ಇದೇ ಮಣ್ಣಿಗೆ ಹಾರೆ ಹಾಕಿದರೆ ಠಣ್ ಅನ್ನುತ್ತಿತ್ತು. ತೆನೆ ಬರುವುದಕ್ಕೆ ಇನ್ನೂ ಎರಡು ಮೂರು ತಿಂಗಳು ಇತ್ತು, ಹಾಗಾಗಿ ಬೀಜದ ಯೋಚನೆಯೂ ಇರಲಿಲ್ಲ. ರಾಟವಾಳ ಹಕ್ಕಿಗಳು ಇಂಥ ಹುಲ್ಲಿನಲ್ಲಿ ಮಳೆಗಾಲಕ್ಕೆ ಗೂಡು ಕಟ್ಟುತ್ತವೆ. ಅವು ಶುರು ಮಾಡುವ ಮೊದಲೇ ಮುಗಿಸಬೇಕು ಅಂತ ನನ್ನ ಮನಸ್ಸಿನಲ್ಲಿತ್ತು. ಫೆಬ್ರವರಿಯ ಬೆಂಕಿ ತಾಗದೆ ಉಳಿದ ಒಂದು ಅಂಚಿನಲ್ಲಿ ಹೋದ ವರ್ಷದ ಗೂಡೊಂದು ಸಿಕ್ಕಿತು. ಚೆಂಡಿನಷ್ಟು ದೊಡ್ಡದು, ಒಳಗೆ ಪಂಪಾಸಿನದೇ ತೆನೆಯ ಎಳೆ ಹಾಸಿತ್ತು. ಖಾಲಿ ಇತ್ತು. ಎತ್ತಿಟ್ಟುಕೊಂಡಿದ್ದೇವೆ.

ಮೊದಲು ಹಾವಿನ ಕಡೆ ಗಮನ. ಪೊರೆ ಕೇರೆ ಹಾವಿನದ್ದು ಅಂತ ನೋಡಿದವರು ಹೇಳಿದ್ದರು. ಆದರೆ ಹೆಗ್ಗಣ ಇರುವ ಕಡೆ ಕೊಳಕುಮಂಡಲವೂ ಬರುತ್ತದೆ, ಅದು ಕೂತರೆ ಒಣ ಹುಲ್ಲಿನ ಬಣ್ಣದಲ್ಲೇ ಬೆರೆತುಹೋಗುತ್ತದೆ. ಹಾವು ಹಿಡಿದು ಬಿಡುವವರ ನಂಬರು ಮೊದಲೇ ಬರೆದಿಟ್ಟುಕೊಂಡೆವು. ಉದ್ದ ಕೋಲಿನಿಂದ ಸುತ್ತ ಬಡಿದೆವು. ಗೇಟಿನ ಕಡೆಯಿಂದ ಶುರು ಮಾಡಿ, ಕಾಂಪೌಂಡಿನ ಕಡೆ ಓಡಿಹೋಗಲು ದಾರಿ ಬಿಟ್ಟೆವು. ಹಾವು ಕಾಣಲಿಲ್ಲ. ಎರಡು ಹೆಗ್ಗಣದ ಬಿಲ ಇದ್ದವು.

ಬೆಂಕಿಯಾದ ಮೇಲೆ ನಾಲ್ಕು ತಿಂಗಳಲ್ಲಿ ಗರಿ ಮತ್ತೆ ಎದೆಯೆತ್ತರ ಬೆಳೆದಿತ್ತು. ಹಿರಿಯರು ಅದನ್ನು ಹಾಗೇ ಕತ್ತರಿಸಲಿಲ್ಲ. ಮೊದಲು ನೈಲಾನ್ ಹಗ್ಗದಿಂದ ಜುಟ್ಟು ಕಟ್ಟಿದ ಹಾಗೆ ಎಳೆದು ಬಿಗಿದರು. ಆಮೇಲೆ ಹಗ್ಗದ ಕೆಳಗೆ ಮಚ್ಚಿನಿಂದ ಕೊಯ್ದರು. ಗರಿ ಚೆದುರದೆ ರಾಗಿ ಸಿವುಡಿನಂತೆ ಕಟ್ಟು ಕಟ್ಟಾಗಿ ಬಂತು. ಈ ಒಂದು ಕೆಲಸದಿಂದ ಮೈಕೈ ಗೀರುವುದು ಎಷ್ಟೋ ತಪ್ಪಿತು. ಆದರೂ ತುಂಬು ತೋಳಿನ ಅಂಗಿ, ತೊಗಲಿನ ಗ್ಲೌಸು, ಕನ್ನಡಕ ಹಾಕಿಕೊಳ್ಳದೆ ಯಾರೂ ಹತ್ತಿರ ಹೋಗಬಾರದು. ಗರಿಯ ತುದಿ ಸರಿಯಾಗಿ ಕಣ್ಣಿನ ಎತ್ತರಕ್ಕೇ ಇರುತ್ತದೆ.

ಗೇಣುದ್ದ ಮೋಟು ಬಿಟ್ಟು ಕತ್ತರಿಸಿದ ಮೇಲೆ ಬುಡದ ನಿಜವಾದ ಆಕಾರ ಕಾಣಿಸಿತು. ನಡುವೆ ಎರಡಡಿ ಜಾಗ ಸತ್ತೇ ಹೋಗಿತ್ತು. ಕಂದು ಬಣ್ಣದ ಪುಡಿ, ಹೆಗ್ಗಣದ ಮಣ್ಣು, ಎರಡು ಗೋಲಿ, ಒಂದು ಬ್ಯಾಡ್ಮಿಂಟನ್ ಕಾಕು. ಜೀವ ಇದ್ದದ್ದು ಸುತ್ತಲಿನ ಬಳೆಯಲ್ಲಿ ಮಾತ್ರ. ಹಳೆಯ ಮೆಳೆಗಳು ಹೀಗೇ, ನಡುವಿನಿಂದ ಸಾಯುತ್ತಾ ಅಂಚಿನಲ್ಲಿ ಬೆಳೆಯುತ್ತವೆ. ಅದು ನಮಗೆ ಅನುಕೂಲವೇ ಆಯಿತು. ನಡುವಿನ ಪುಡಿಯನ್ನು ಬಾಂಡ್ಲಿಯಲ್ಲಿ ತುಂಬಿ ಹೊರಗೆ ಹಾಕಿದರೆ ಒಳಗಿನಿಂದಲೂ ಹಾರೆ ಹಾಕಲು ಜಾಗ ಸಿಕ್ಕಿತು.

ಆಮೇಲೆ ಬುಡದಿಂದ ಒಂದಡಿ ಆಚೆಗೆ, ತೆರೆದ ಕಡೆ ಮಾತ್ರ, ಅರ್ಧಚಂದ್ರದ ಹಾಗೆ ಒಂದಡಿ ಆಳದ ಚರಂಡಿ ತೋಡಿದರು. ಮಗ ಕೊಡಲಿ ಹಿಡಿದು ಬಳೆಯನ್ನು ಹೊರಗಿನಿಂದ ಒಳಕ್ಕೆ ಸೀಳುತ್ತಾ ಹೋದ. ಒಂದು ಸೀಳಿಗೆ ಹದಿನೈದು-ಇಪ್ಪತ್ತು ಏಟು. ಮಣ್ಣು ಮತ್ತು ಆ ಸಿಲಿಕಾ ಸೇರಿ ಕೊಡಲಿಯ ಬಾಯಿ ಬೇಗ ಮೊಂಡಾಗುತ್ತದೆ. ಗಂಟೆಗೊಮ್ಮೆ ಅರ ಹಿಡಿದು ಉಜ್ಜುತ್ತಿದ್ದರು. ಒಳ್ಳೆ ಕೊಡಲಿ ಇದಕ್ಕೆ ತರಬೇಡಿ, ಹಳೆಯದೇ ಸಾಕು ಅಂದರು.

ಎರಡು ಸೀಳಿನ ನಡುವೆ ಒಂದೂಕಾಲಡಿ ಹೋಳು. ಅದರ ಕೆಳಗೆ ಓರೆಯಾಗಿ ಹಾರೆ ಇಳಿಸಿ ಬೇರನ್ನು ಕಡಿಯಬೇಕು. ಹಾರೆಯ ಕೆಳಗೆ ಒಂದು ಸೈಜುಗಲ್ಲು ಇಟ್ಟು ಇಬ್ಬರೂ ಇನ್ನೊಂದು ತುದಿಯನ್ನು ಅದುಮಿದರೆ, ಬೇರು ಪಟಪಟ ಅಂತ ಕಿತ್ತು ಹೋಳು ಮೇಲೆ ಬರುತ್ತದೆ. ಮೊದಲ ಹೋಳು ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅದು ಬಂದ ಮೇಲೆ ಉಳಿದವಕ್ಕೆ ಪಕ್ಕದಿಂದ ಜಾಗ ಸಿಕ್ಕಿ, ಒಂದೊಂದು ಇಪ್ಪತ್ತು ನಿಮಿಷಕ್ಕೆ ಬಂದವು. ಒಂದೊಂದನ್ನೂ ಎತ್ತಲು ಇಬ್ಬರು ಬೇಕಿತ್ತು. ಒಟ್ಟು ಹನ್ನೊಂದು ಹೋಳು. ವರ್ಷಕ್ಕೊಂದು ಅಂತ ಅಕ್ಕ ಹೇಳಿದಳು.

ಒಂದು ಅವಘಡ ಆಯಿತು. ಎರಡನೇ ದಿನ ಬೆಳಿಗ್ಗೆ ಕಾಂಪೌಂಡಿನ ಕಡೆಯ ಹೋಳಿಗೆ ಹಾರೆ ಹಾಕಿದಾಗ ನೀರು ಬುಗ್ಗೆಯಾಗಿ ಎದ್ದಿತು. ಮೀಟರಿನಿಂದ ಸಂಪಿಗೆ ಹೋಗುವ ಪಿವಿಸಿ ಪೈಪು ಬುಡದ ಕೆಳಗೇ ಹಾದಿತ್ತು. ಬೇರು ಅದನ್ನು ಬುಟ್ಟಿ ಹೆಣೆದ ಹಾಗೆ ಸುತ್ತಿಕೊಂಡಿತ್ತು. ಮೀಟರು ಅಲ್ಲೇ ಇದ್ದ ಮೇಲೆ ಪೈಪು ಅಲ್ಲೇ ಇರಬೇಕು, ಅದನ್ನು ಅವರಿಗೆ ಮೊದಲೇ ಹೇಳಬೇಕಾದದ್ದು ನಾವು. ತಪ್ಪು ನಮ್ಮದೇ. ವಾಲ್ವು ಮುಚ್ಚಿ, ಪ್ಲಂಬರ್ ಬರುವವರೆಗೆ ಎರಡು ಗಂಟೆ ಕೆಲಸ ನಿಂತಿತು. ಅರ್ತಿಂಗ್ ಗುಂಡಿ ಎಲ್ಲಿದೆ ಅಂತ ಆಗ ನೆನಪಾಯಿತು. ಪುಣ್ಯಕ್ಕೆ ಅದು ಮೂರಡಿ ಆಚೆಗಿತ್ತು. ಅಗೆಯುವ ಮುಂಚೆ ನೀರಿನ ಪೈಪು, ಒಳಚರಂಡಿ, ಅರ್ತಿಂಗ್ ತಂತಿ, ಈ ಮೂರು ಎಲ್ಲಿ ಹಾದಿವೆ ಅಂತ ಮನೆ ಕಟ್ಟಿಸಿದವರನ್ನು ಕೇಳಿ ಸುಣ್ಣದ ಗೆರೆ ಎಳೆದಿಟ್ಟುಕೊಳ್ಳಿ.

ಖರ್ಚು: ಇಬ್ಬರಿಗೆ ದಿನಕ್ಕೆ 900ರಂತೆ ಎರಡು ದಿನಕ್ಕೆ 3,600. ಸಾಗಿಸಲು ಟೆಂಪೋ 1,200. ಗ್ಲೌಸು, ಕನ್ನಡಕ 700. ಪೈಪು ರಿಪೇರಿ 600. ಎಲ್ಲಾ ಸೇರಿ 6,100 ರೂಪಾಯಿ, ಜೊತೆಗೆ ಎರಡು ದಿನದ ಊಟ, ಕಾಫಿ.

ಕಿತ್ತದ್ದು ಎಲ್ಲಿಗೆ ಹೋಯಿತು

ಕಿತ್ತ ಹೋಳುಗಳನ್ನು ಹಾಗೇ ನೆಲದ ಮೇಲೆ ಬಿಡಬಾರದು. ಹಿರಿಯರು ಎಲ್ಲವನ್ನೂ ತಲೆಕೆಳಗು ಮಾಡಿ, ಬೇರು ಮೇಲೆ, ಮೋಟು ಕೆಳಗೆ ಇರುವಂತೆ ಕಾರು ನಿಲ್ಲಿಸುವ ಸಿಮೆಂಟ್ ಕಟ್ಟೆಯ ಮೇಲೆ ಸಾಲಾಗಿ ಇಡಿಸಿದರು. ಸನಿಕೆಯ ಹಿಂಬದಿಯಿಂದ ಬಡಿದು ಮಣ್ಣು ಉದುರಿಸಿದೆವು. ಒಳ್ಳೆ ಮಣ್ಣು, ಎಂಟು ಬಾಂಡ್ಲಿ ಆಯಿತು. ಮೂರು ವಾರ ಒಣಗಿದ ಮೇಲೆ ಹೋಳುಗಳು ಹಗುರ ಆದವು, ಆಗ ಟೆಂಪೋದಲ್ಲಿ ಹೋದವು. ಹಸಿಯಾಗಿದ್ದಾಗಲೇ ಕಳಿಸಿದ್ದರೆ ಭಾರವೂ ಜಾಸ್ತಿ, ಬಿದ್ದ ಕಡೆ ಬೇರು ಬಿಡುವ ಅಪಾಯವೂ ಇರುತ್ತಿತ್ತು. ಇದು ಬರೀ ಮಾತಲ್ಲ. ಒಂದು ಚೂರು ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಬಿದ್ದಿತ್ತು, ಸೋಪಿನ ನೀರು ಹರಿಯುವ ಜಾಗದಲ್ಲಿ. ನೆಟ್ಟಗೆ ಕೂತಿತ್ತು. ಹತ್ತು ದಿನದಲ್ಲಿ ನಾಲ್ಕು ಗರಿ ಬಿಟ್ಟಿತು.

ಗರಿಯ ಸಿವುಡುಗಳನ್ನು ತೆಂಗಿನ ಪಾತಿಗೆ ಹಾಸಿದೆವು. ಗೊಬ್ಬರದ ಗುಂಡಿಗೆ ಹಾಕಿದರೆ ಇದು ಬೇಗ ಕರಗುವುದಿಲ್ಲ. ಪಾತಿಯ ಮೇಲೆ ಹೊದಿಕೆಗೆ ಮಾತ್ರ ಬಹಳ ಚೆನ್ನಾಗಿದೆ, ತೇವ ಹಿಡಿದಿಡುತ್ತದೆ.

ಗುಂಡಿಗೆ ಉದುರಿಸಿದ ಮಣ್ಣು, ಹೊರಗಿನಿಂದ ತಂದ ಸ್ವಲ್ಪ ಕೆಮ್ಮಣ್ಣು, ಮೂರು ಮಂಕರಿ ಕೊಟ್ಟಿಗೆ ಗೊಬ್ಬರ ತುಂಬಿದೆವು. ತಕ್ಷಣ ಏನೂ ನೆಡಬೇಡಿ, ಮಣ್ಣು ಕುಗ್ಗುತ್ತದೆ ಅಂತ ಹಿರಿಯರು ಹೇಳಿದ್ದರು. ಎರಡು ಮಳೆಗೆ ಅರ್ಧ ಅಡಿ ಕುಗ್ಗಿತು. ಆ ಮಳೆಗಾಲಕ್ಕೆ ಸುಮ್ನೆ ಅಲಸಂದೆ ಚೆಲ್ಲಿದೆವು.

ಆಮೇಲೆ ನಾಲ್ಕು ತಿಂಗಳು

ಪ್ರತಿ ಭಾನುವಾರ ಅಕ್ಕ ಆ ಜಾಗ ನೋಡುತ್ತಿದ್ದಳು. ಹದಿನೇಳನೇ ದಿನ ಮೊದಲ ಮೊಳಕೆ. ಸೆಪ್ಟೆಂಬರ್ ಕೊನೆಗೆ ಒಟ್ಟು ಐದು. ಅದರಲ್ಲಿ ನಾಲ್ಕು ಕಾಂಪೌಂಡಿನ ಬುಡದಲ್ಲಿ, ಹಾರೆ ಸರಿಯಾಗಿ ಆಡದ ಜಾಗದಲ್ಲೇ ಬಂದಿದ್ದವು. ಒಂದೊಂದನ್ನೂ ಅಗೆದು ನೋಡಿದೆವು. ಪ್ರತಿಯೊಂದರ ಕೆಳಗೂ ಬೆರಳುದ್ದದ ಬುಡದ ಚೂರು ಇತ್ತು. ಬರೀ ಬೇರಿನಿಂದ ಒಂದೂ ಎದ್ದಿರಲಿಲ್ಲ. ಮೊಳಕೆ ಗೇಣುದ್ದ ಇರುವಾಗಲೇ ಗಮನಿಸಿದರೆ ಕುರುಪಿಯಿಂದಲೇ ಬರುತ್ತದೆ. ಬೇರೆ ಹುಲ್ಲಿನ ಜೊತೆ ಗೊಂದಲ ಆದರೆ ಗರಿಯ ಅಂಚನ್ನು ತುದಿಯಿಂದ ಬುಡಕ್ಕೆ ನಿಧಾನವಾಗಿ ಮುಟ್ಟಿ ನೋಡಿ. ಎಳೆಯದರಲ್ಲೂ ಆ ಹಲ್ಲು ಗೊತ್ತಾಗುತ್ತದೆ.

ಅಕ್ಟೋಬರಿನಲ್ಲಿ ಅಲಸಂದೆ ಕಿತ್ತು ಮಣ್ಣಿಗೇ ಸೇರಿಸಿ, ಅಕ್ಕ ಅಲ್ಲಿ ಎರಡು ಮಲ್ಲಿಗೆ ಗಿಡ ಇಟ್ಟಳು. ಹಳೆಯ ಮಲ್ಲಿಗೆಯೂ ಬಿಸಿಲು ಕಂಡು ಚಿಗುರಿದೆ. ಗಿಡಕ್ಕೆ ಗುಂಡಿ ತೋಡುವಾಗ ನಾನು ಅಲ್ಲೇ ಇದ್ದೆ. ಒಂದೂವರೆ ಅಡಿ ಕೆಳಗೆ ಪಂಪಾಸಿನ ಬೇರು ಸಿಕ್ಕಿತು. ಜೂನಿನಲ್ಲಿ ಹಾರೆಗೂ ಜಗ್ಗದೆ ನಿಂತಿದ್ದ ಅದೇ ಬೇರು. ಅಕ್ಕ ಒಂದು ಹಿಡಿ ತೆಗೆದು ಅಂಗೈಯಲ್ಲಿ ಉಜ್ಜಿದಳು. ಟೀ ಪುಡಿಯ ಹಾಗೆ ಉದುರಿತು.